ಸಂಪಾದಕರ ಉತ್ತರ: ಕೈದಿಯ ಕೈಗೆ ವ್ಯಾನಿನ ಕೀ

ಈ ಸಲದ ಪತ್ರ ಹಾಸನದಿಂದ ಬಂದಿದೆ. ಬರೆದವರು ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿ ನಿವೃತ್ತರಾದವರು. ಮಗಳು, ಅಳಿಯ ಅಮೆರಿಕದ ಅಲಬಾಮಾ ರಾಜ್ಯದಲ್ಲಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಮುಖ್ಯ ಭಾಗ ಇದು:

“ಮಗಳ ಮನೆ ಹತ್ತಿರದ ಬರ್ಗರ್ ಅಂಗಡಿಯಲ್ಲಿ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿಸುತ್ತಿದ್ದ. ಅವನು ಜೈಲಿನಿಂದ ದಿನಾ ಕೆಲಸಕ್ಕೆ ಬರೋ ಕೈದಿ ಅಂತ ಅಳಿಯಂದಿರು ಹೇಳಿದರು. ಅವರನ್ನೆಲ್ಲ ಕರೆತರೋ ವ್ಯಾನ್ ಓಡಿಸೋನೂ ಕೈದಿಯೇ ಅಂತೆ. ಪೊಲೀಸಿಲ್ಲ, ಬೇಡಿ ಇಲ್ಲ. ನಮಗೆ ಡಿಪೋದಲ್ಲಿ ಬಾಯಿ ಊದಿಸಿ ನೋಡಿ ಗಾಡಿ ಕೊಡುತ್ತಿದ್ದರು. ಅಲ್ಲಿ ಕೈದಿಗೆ ಸ್ಟೀರಿಂಗ್ ಕೊಡೋಕೆ ನಿಯಮ ಏನಾದರೂ ಇದೆಯೇ? ಸಂಬಳ ಯಾರಿಗೆ ಹೋಗುತ್ತದೆ? ಏನಾದರೂ ಆದರೆ ಹೊಣೆ ಯಾರು? ನಮ್ಮಲ್ಲೂ ಹೀಗೆ ಮಾಡಬಹುದೇ? ಮುಂದಿನ ವರ್ಷ ಮತ್ತೆ ಹೋಗುತ್ತೇವೆ. ಆ ಹುಡುಗನಿಗೆ ಒಂದಿಷ್ಟು ಕೋಡುಬಳೆ, ಕೈಗೆ ಹತ್ತು ಡಾಲರ್ ಕೊಡಬೇಕು ಅಂತ ನಮ್ಮ ಮನೆಯವರ ಆಸೆ. ಕೊಡಬಹುದಾ?”

ಹಿರಿಯರೇ, ಇದು ಡ್ರೈವರ್ ಕೇಳಿದ ಪ್ರಶ್ನೆ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ಬೇರೆ ಯಾರಾದರೂ ಆಗಿದ್ದರೆ “ಕೈದಿ ಓಡಿಹೋದರೆ ಏನು ಗತಿ?” ಅಂತ ಕೇಳುತ್ತಿದ್ದರು. ನೀವು ಗಾಡಿಗೆ ಏನಾದರೂ ಆದರೆ ಅಂತ ಕೇಳಿದ್ದೀರಿ. ಅಲ್ಲಿನ ನಿಯಮಗಳಲ್ಲಿ ನನಗೆ ಕಾಣುವ ಕೊರತೆಯೂ ಇದೇ. ಕೈದಿ ತಪ್ಪಿಸಿಕೊಳ್ಳಬಾರದು ಅಂತ ಬರೆದ ಸಾಲುಗಳು ಜಾಸ್ತಿ. ಗಾಡಿ ಕ್ಷೇಮವಾಗಿ ಊರು ಸೇರಲಿ ಅಂತ ಬರೆದದ್ದು ಕಡಿಮೆ.

ಮೊದಲು ಈ ಪದ್ಧತಿಯ ಬಗ್ಗೆ ಎರಡು ಮಾತು. ಹಗಲು ಹೊರಗೆ ದುಡಿದು ರಾತ್ರಿ ಜೈಲಿಗೆ ಮರಳುವ ಈ ಏರ್ಪಾಡಿಗೆ ಅಲ್ಲಿ ವರ್ಕ್ ರಿಲೀಸ್ ಅನ್ನುತ್ತಾರೆ. ಮೊದಲು ಕಾನೂನು ಮಾಡಿದ್ದು ವಿಸ್ಕಾನ್ಸಿನ್ ರಾಜ್ಯ, 1913ರಲ್ಲಿ. ಮಸೂದೆ ತಂದ ಸೆನೆಟರ್ ಹೆಸರಿನಲ್ಲಿ ಅದನ್ನು ಇವತ್ತಿಗೂ ಹ್ಯೂಬರ್ ಕಾನೂನು ಅನ್ನುತ್ತಾರೆ. ಸಣ್ಣ ತಪ್ಪಿಗೆ ಜೈಲಿಗೆ ಹೋದವನ ಕೆಲಸವೂ ಹೋದರೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರಲ್ಲ, ಆ ಯೋಚನೆಯಿಂದ ಹುಟ್ಟಿದ್ದು. 1957ರಲ್ಲಿ ನಾರ್ತ್ ಕೆರೊಲಿನಾ ಕೂಡ ಇಂಥ ಕಾನೂನು ಮಾಡಿತು. 1965ರಲ್ಲಿ ಕೇಂದ್ರ ಸರ್ಕಾರದ ಜೈಲುಗಳಿಗೂ ಬಂತು. ಆದರೆ ದೇಶಕ್ಕೆಲ್ಲ ಒಂದೇ ನಿಯಮ ಅಂತಿಲ್ಲ. ರಾಜ್ಯಕ್ಕೊಂದು, ಕೆಲವು ಕಡೆ ಕೌಂಟಿಗೊಂದು. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು.

ಇನ್ನು ಸ್ಟೀರಿಂಗ್ ವಿಷಯ. ಕೈದಿ ತನ್ನ ಸ್ವಂತ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುವುದು ಒಂದು ಬಗೆ. ವಿಸ್ಕಾನ್ಸಿನ್‌ನಂಥ ಕಡೆ ಹಲವು ಕೌಂಟಿ ಜೈಲುಗಳು ಇದಕ್ಕೆ ಒಪ್ಪುತ್ತವೆ. ಚಾಲ್ತಿಯಲ್ಲಿರುವ ಲೈಸೆನ್ಸ್, ಗಾಡಿಯ ನೋಂದಣಿ, ವಿಮೆ, ಮಾಲೀಕ ಬರೆದುಕೊಟ್ಟ ಕೆಲಸದ ವೇಳೆ, ಇಷ್ಟನ್ನು ತೋರಿಸಬೇಕು. ಹೇಳಿದ ದಾರಿಯಲ್ಲೇ ಹೋಗಬೇಕು. ನಡುವೆ ಎಲ್ಲೂ ನಿಲ್ಲಿಸುವ ಹಾಗಿಲ್ಲ, ಗೆಳೆಯನನ್ನು ಹತ್ತಿಸಿಕೊಳ್ಳುವ ಹಾಗಿಲ್ಲ. ವಾಪಸ್ ಬಂದ ಮೇಲೆ ಬಾಯಿ ಊದಿಸುತ್ತಾರೆ. ಇಲ್ಲೊಂದು ತಮಾಷೆ ನೋಡಿ. ನಿಮ್ಮ ಡಿಪೋದಲ್ಲಿ ಗಾಡಿ ಹೊರಡುವ ಮೊದಲು ಊದಿಸುತ್ತಿದ್ದರು. ಅಲ್ಲಿ ಕಣ್ಣಿರುವುದು ಒಳಗೆ ಬರುವವನ ಮೇಲೆ. ಹೊರಗೆ ಕುಡಿದನೇ ಅನ್ನುವುದು ಅವರ ಚಿಂತೆ.

ಸಂಬಳಕ್ಕಾಗಿ ಗಾಡಿ ಓಡಿಸುವುದು ಇನ್ನೊಂದು ಬಗೆ. ಅಂಗಡಿಯ ಸಾಮಾನು ತಲುಪಿಸುವುದು, ಕಟ್ಟಡದ ಕೆಲಸಕ್ಕೆ ಪಿಕಪ್ ಓಡಿಸುವುದು, ಲಾರಿ ಹೊಡೆಯುವುದು. ಜೈಲಿನ ಅಧಿಕಾರಿ ಹೂಂ ಅಂದರೆ ಆಯ್ತು ಅಂತ ನಾವು ತಿಳಿಯುತ್ತೇವೆ. ನಿಜವಾಗಿ ಬಾಗಿಲು ಕಾಯುವುದು ಮಾಲೀಕನ ವಿಮಾ ಕಂಪನಿ. ಡ್ರೈವರ್‌ನ ಹಳೆಯ ದಾಖಲೆ ತರಿಸುತ್ತಾರೆ. ವೇಗದ ದಂಡ, ಕುಡಿದು ಓಡಿಸಿದ್ದು, ಅಪಘಾತ, ಎಲ್ಲ ಅದರಲ್ಲಿರುತ್ತದೆ. ದಾಖಲೆ ಹಿಡಿಸದಿದ್ದರೆ ಅವನ ಹೆಸರನ್ನು ಪಾಲಿಸಿಗೆ ಸೇರಿಸುವುದಿಲ್ಲ. ಅಲ್ಲಿಗೆ ಕೆಲಸ ಮುಗಿಯಿತು. ನನ್ನ ಕೇಳಿದರೆ ಈ ತಪಾಸಣೆ ಒಳ್ಳೆಯದೇ. ಮನುಷ್ಯ ಯಾವ ಕೇಸಿನಲ್ಲಿ ಒಳಗೆ ಹೋದ ಅನ್ನುವುದಕ್ಕಿಂತ ಗಾಡಿಯನ್ನು ಹೇಗೆ ಓಡಿಸಿದ್ದಾನೆ ಅಂತ ಅದು ನೋಡುತ್ತದೆ.

ಕಷ್ಟ ಅಂದರೆ, ಎಷ್ಟೋ ಕೈದಿಗಳ ಬಳಿ ಲೈಸೆನ್ಸೇ ಇರುವುದಿಲ್ಲ. ಒಳಗಿದ್ದಾಗ ಅವಧಿ ಮುಗಿದಿರುತ್ತದೆ. ನವೀಕರಿಸಲು ಜನನ ಪ್ರಮಾಣಪತ್ರ, ಗುರುತಿನ ಕಾಗದ ಬೇಕು. ಅವು ಯಾವುದೋ ಹಳೆಯ ಬಾಡಿಗೆ ಮನೆಯಲ್ಲಿ ಕಳೆದುಹೋಗಿರುತ್ತವೆ. ಇದರ ಜೊತೆಗೆ 1990ರ ಸುಮಾರಿಗೆ ಕೇಂದ್ರ ಸರ್ಕಾರ ಒಂದು ಕಾನೂನು ತಂದಿತು. ಡ್ರಗ್ಸ್ ಕೇಸಿನಲ್ಲಿ ಶಿಕ್ಷೆಯಾದವರ ಲೈಸೆನ್ಸನ್ನು ಆರು ತಿಂಗಳಾದರೂ ಅಮಾನತು ಮಾಡಬೇಕು, ಇಲ್ಲದಿದ್ದರೆ ಹೆದ್ದಾರಿ ಅನುದಾನ ಕಡಿತ. ಬೇಡ ಅನ್ನುವ ರಾಜ್ಯ ವಿಧಾನಸಭೆಯಲ್ಲಿ ನಿರ್ಣಯ ಮಾಡಿ ಹೊರಗುಳಿಯಬಹುದಿತ್ತು. ಬಹಳಷ್ಟು ರಾಜ್ಯಗಳು ಆಮೇಲೆ ಹಾಗೇ ಮಾಡಿದವು. ಆದರೆ ಅಷ್ಟರಲ್ಲಿ ಗಾಡಿಯ ಹತ್ತಿರವೂ ಸುಳಿಯದ ತಪ್ಪಿಗೆ ಲೈಸೆನ್ಸ್ ಕಳಕೊಂಡವರಿಗೆ ಲೆಕ್ಕವಿಲ್ಲ. ದಂಡ ಕಟ್ಟಿಲ್ಲ, ಮಕ್ಕಳ ಜೀವನಾಂಶ ಬಾಕಿ ಅನ್ನುವ ಕಾರಣಕ್ಕೂ ಲೈಸೆನ್ಸ್ ಹೋಗುತ್ತದೆ. ಲೈಸೆನ್ಸ್ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ದಂಡ ಕಟ್ಟಲಾಗುವುದಿಲ್ಲ.

ಮೊಬೈಲ್ ಆ್ಯಪ್ ನೋಡಿಕೊಂಡು ಊಟ ತಲುಪಿಸುವ ಕೆಲಸ ಕೈದಿಗಳಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಒಬ್ಬ ಮಾಲೀಕ, ಒಂದು ಜಾಗ, ಒಬ್ಬ ಮೇಲ್ವಿಚಾರಕ ಇರಬೇಕು ಅನ್ನುವುದು ಜೈಲುಗಳ ಬಯಕೆ. ವಿಸ್ಕಾನ್ಸಿನ್ ಕಾನೂನಿನಲ್ಲಿ ಮಾತ್ರ ಸ್ವಂತ ಉದ್ಯೋಗಕ್ಕೂ ಜಾಗವಿದೆ, ಮನೆ ನೋಡಿಕೊಳ್ಳುವುದಕ್ಕೂ ಇದೆ.

ಈಗ ನೀವು ಕಂಡ ವ್ಯಾನಿಗೆ ಬರೋಣ. ಅಲಬಾಮಾದ ಜೈಲುಗಳಲ್ಲಿ ಕೈದಿಗಳಿಗೆ ದರ್ಜೆಗಳಿವೆ. ತೀರಾ ಕಡಿಮೆ ಅಪಾಯದವರು ಅಂತ ಗುರುತಿಸಿದವರನ್ನು ಮಾತ್ರ ಕಾವಲಿಲ್ಲದೆ ಊರೊಳಗೆ ಕೆಲಸಕ್ಕೆ ಬಿಡುತ್ತಾರೆ. ಲೈಂಗಿಕ ಅಪರಾಧದ ಕೈದಿಗಳಿಗೆ ಈ ಅವಕಾಶವಿಲ್ಲ. ನಿಮ್ಮ ಅಳಿಯಂದಿರು ಹೇಳಿದ್ದು ಸರಿ, ವ್ಯಾನ್ ಓಡಿಸುವವರಲ್ಲಿ ಕೈದಿಗಳೂ ಇದ್ದಾರೆ. ಆ ಹುಡುಗನಿಗೆ ಅಂಗಡಿಯವರು ಸಂಬಳ ಕೊಡುತ್ತಾರೆ. ಅದರಲ್ಲಿ ಶೇ 40ರಷ್ಟನ್ನು, ತೆರಿಗೆ ಕಳೆಯುವ ಮೊದಲೇ, ಜೈಲು ಇಲಾಖೆ ಹಿಡಿದುಕೊಳ್ಳುತ್ತದೆ. ಅದರ ಮೇಲೆ ವ್ಯಾನಿಗೆ ದಿನಕ್ಕೆ 5 ಡಾಲರ್, ಬಟ್ಟೆ ಒಗೆಯಲು ತಿಂಗಳಿಗೆ 15 ಡಾಲರ್. ಇದರ ಬಗ್ಗೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2024ರಲ್ಲಿ ದೊಡ್ಡ ತನಿಖಾ ವರದಿ ಮಾಡಿತು. 2000ದಿಂದೀಚೆಗೆ ಕೈದಿಗಳ ಸಂಬಳದಿಂದ ಕಡಿದ ಹಣ 25 ಕೋಟಿ ಡಾಲರ್ ದಾಟುತ್ತದೆ ಅನ್ನುವುದು ಅದರ ಲೆಕ್ಕ. ಕೈದಿಗಳನ್ನು ಗಣಿ, ತೋಟಗಳಿಗೆ ಬಾಡಿಗೆಗೆ ಕೊಡುವ ಪದ್ಧತಿಯನ್ನು ಎಲ್ಲರಿಗಿಂತ ಕೊನೆಗೆ, 1928ರಲ್ಲಿ ಬಿಟ್ಟ ರಾಜ್ಯ ಅದು. ಆ ನೆನಪು ಅಲ್ಲಿನ ಕರಿಯ ಜನರಿಗೆ ಇನ್ನೂ ಹಸಿಯಾಗಿದೆ.

2024ರ ಏಪ್ರಿಲ್‌ನಲ್ಲಿ ಇಂಥದೊಂದು ವ್ಯಾನ್ ಅಪಘಾತವಾಯಿತು. ಕೆಲಸಕ್ಕೆ ಹೊರಟ ಕೈದಿಗಳಿದ್ದರು, ಓಡಿಸುತ್ತಿದ್ದವನೂ ಕೈದಿಯೇ. ಇಬ್ಬರು ಸತ್ತರು. ಕೂಡಲೇ ಕೇಳಿಬಂದ ಪ್ರಶ್ನೆ, ಕೈದಿಗೆ ಗಾಡಿ ಕೊಟ್ಟಿದ್ದು ಯಾಕೆ ಅಂತ. ಕೇಳಬೇಕಾದದ್ದೇ. ಆದರೆ ನೀವು ಡ್ಯೂಟಿ ಮಾಡಿದವರು, ನಿಮಗೆ ಇನ್ನೂ ಮೂರು ನಾಲ್ಕು ಪ್ರಶ್ನೆ ಹೊಳೆಯುತ್ತವೆ ಅಲ್ವಾ? ಯಾವ ಗಾಡಿ? ಎಷ್ಟು ಜನ ತುಂಬಿದ್ದರು? ಹಿಂದಿನ ರಾತ್ರಿ ಡ್ರೈವರ್ ನಿದ್ದೆ ಮಾಡಿದ್ದನೇ?

ಆ ಅಪಘಾತವನ್ನು ಪಕ್ಕಕ್ಕಿಟ್ಟು ಕಾನೂನನ್ನೇ ನೋಡೋಣ. ಡ್ರೈವರ್ ಸೇರಿ 16 ಅಥವಾ ಅದಕ್ಕಿಂತ ಜಾಸ್ತಿ ಸೀಟಿನ ಗಾಡಿಗೆ ಅಮೆರಿಕದಲ್ಲಿ ಕಮರ್ಷಿಯಲ್ ಲೈಸೆನ್ಸ್ ಬೇಕು. 15 ಸೀಟಿನ ವ್ಯಾನಿಗೆ ಕಾರಿನ ಲೈಸೆನ್ಸೇ ಸಾಕು. ಕೂಲಿ ತಂಡಗಳನ್ನು, ಚರ್ಚಿನ ಗುಂಪುಗಳನ್ನು ಸಾಗಿಸಲು ಈ ವ್ಯಾನ್ ಬಹಳ ಬಳಕೆಯಲ್ಲಿದೆ. ಹತ್ತು ಜನಕ್ಕಿಂತ ಜಾಸ್ತಿ ಕೂತರೆ ಭಾರ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಒಂಟಿ ಗಾಡಿಯ ಅಪಘಾತಗಳಲ್ಲಿ ಇವು ಮಗುಚುವ ಪ್ರಮಾಣ, ಕಡಿಮೆ ಜನ ಕೂತಾಗಿನದಕ್ಕಿಂತ ಸುಮಾರು ಮೂರು ಪಟ್ಟು ಅಂತ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 2001ರಲ್ಲೇ ಎಚ್ಚರಿಸಿತ್ತು. ಶಾಲಾ ಮಕ್ಕಳನ್ನು ಸಾಗಿಸಲು ಈ ವ್ಯಾನನ್ನು ಹೊಸದಾಗಿ ಮಾರುವಂತಿಲ್ಲ ಅಂತ ಕೇಂದ್ರ ಕಾನೂನಿದೆ. ದುಡಿಯುವವರ ವಿಷಯಕ್ಕೆ ಅಂಥ ತಡೆಯಿಲ್ಲ.

ವಿಶ್ರಾಂತಿಯ ಮಾತೂ ಹೀಗೇ. ನಿಮ್ಮ ಕಾಲದಲ್ಲಿ ನಮ್ಮಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತಿತ್ತು. ಪಾಲನೆ ಎಷ್ಟಾಗಿತ್ತು ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು, ಡಬಲ್ ಡ್ಯೂಟಿ ಮಾಡಿದವರ ಮುಂದೆ ನಾನೇನು ಹೇಳಲಿ. ಆದರೂ ಕಾಗದದ ಮೇಲೆ ಇತ್ತು, ಯೂನಿಯನ್ ಎತ್ತಿ ತೋರಿಸಬಹುದಿತ್ತು. ಅಮೆರಿಕದಲ್ಲಿ ಪ್ರಯಾಣಿಕರ ಗಾಡಿ ಓಡಿಸುವವರಿಗೆ ಎಂಟು ಗಂಟೆ ಬಿಡುವಿನ ನಂತರ ಹತ್ತು ಗಂಟೆ ಓಡಿಸಬಹುದು ಅನ್ನುವ ಕೇಂದ್ರದ ನಿಯಮವಿದೆ. ಸರ್ಕಾರ ತಾನೇ ನಡೆಸುವ ಸಾಗಣೆಗೆ ಅದು ತಗಲುವುದಿಲ್ಲ. ಜೈಲಿನ ವ್ಯಾನ್ ಸರ್ಕಾರದ್ದು.

ಇದೆಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಮೈ ಹುಷಾರಿಲ್ಲದ ದಿನ, ಬ್ರೇಕ್ ಸರಿಯಿಲ್ಲದ ದಿನ, “ಇವತ್ತು ಗಾಡಿ ಎತ್ತಲ್ಲ” ಅಂತ ನೀವು ಹೇಳಬಹುದಿತ್ತು. ಮೆಮೋ ಬರುತ್ತಿತ್ತೇನೋ, ಜಗಳವಾಗುತ್ತಿತ್ತೇನೋ. ಶಿಕ್ಷೆಯ ದಿನಗಳು ಹೆಚ್ಚುತ್ತಿರಲಿಲ್ಲ. ಅಲಬಾಮಾದ ಕೈದಿಗೆ ಹಾಗಿಲ್ಲ. 2023ರ ಜನವರಿಯ ಗವರ್ನರ್ ಆದೇಶದಲ್ಲಿ ಸನ್ನಡತೆಯಿಂದ ಗಳಿಸಿದ ಶಿಕ್ಷೆಯ ರಿಯಾಯಿತಿ ದಿನಗಳನ್ನು ಕಿತ್ತುಕೊಳ್ಳಬಹುದಾದ ತಪ್ಪುಗಳ ಪಟ್ಟಿಯಿದೆ. ಕೆಲಸ ಮಾಡಲು ಒಪ್ಪದಿರುವುದೂ ಅದರಲ್ಲಿ ಸೇರಿದೆ. ಬಲವಂತದ ದುಡಿಮೆ ಬೇಡ ಅಂತ 2022ರಲ್ಲಿ ಮತದಾರರು ರಾಜ್ಯದ ಸಂವಿಧಾನವನ್ನೇ ತಿದ್ದಿದ್ದರು. ಈ ವಿರೋಧಾಭಾಸವನ್ನು ಹಿಡಿದು ಕೈದಿಗಳೂ ಕಾರ್ಮಿಕ ಸಂಘಗಳೂ ಕೋರ್ಟಿಗೆ ಹೋದರು. ಬೇಡ ಅನ್ನಲಾಗದ ಡ್ರೈವರ್ ಅಪಾಯಕಾರಿ ಡ್ರೈವರ್. ಅವನು ಕೈದಿಯೋ ಅಲ್ಲವೋ ಅನ್ನುವುದು ಆಮೇಲಿನ ಮಾತು.

ಇನ್ನೊಂದು ವಿಚಿತ್ರ. ಅಲ್ಲಿ ಪೆರೋಲ್ ಅಂದರೆ ನಮ್ಮಲ್ಲಿನ ಹಾಗೆ ನಾಲ್ಕು ದಿನದ ರಜೆಯಲ್ಲ, ಶಿಕ್ಷೆ ಮುಗಿಯುವ ಮೊದಲೇ ಷರತ್ತಿನ ಮೇಲೆ ಮನೆಗೆ ಬಿಡುವುದು. 2023ರಲ್ಲಿ ಅಲಬಾಮಾದ ಪೆರೋಲ್ ಮಂಡಳಿ ಬಿಡುಗಡೆ ಕೊಟ್ಟದ್ದು ವಿಚಾರಣೆಗೆ ಬಂದವರಲ್ಲಿ ಶೇ 8ರಷ್ಟು ಜನರಿಗೆ ಮಾತ್ರ. ಅಂದರೆ ಒಬ್ಬನನ್ನು ಕಾವಲಿಲ್ಲದೆ ಹೊರಗೆ ದುಡಿಯಲು ಬಿಡಬಹುದು, ಕೈಗೆ ವ್ಯಾನ್ ಕೊಡಬಹುದು, ಮನೆಗೆ ಕಳಿಸಲು ಮಾತ್ರ ಅವನು ಅಪಾಯಕಾರಿ. ಎರಡೂ ಹೇಗೆ ನಿಜವಾಗುತ್ತದೆ?

ಹೊಣೆ ಯಾರು ಅಂತ ಕೇಳಿದ್ದಿರಿ. ಖಾಸಗಿ ಮಾಲೀಕನ ಗಾಡಿಯಾದರೆ ಅವನ ವಿಮೆ ಇರುತ್ತದೆ. ಜೈಲಿನ ಗಾಡಿಯಾದರೆ ದಾರಿ ಕಷ್ಟ. ಹಲವು ರಾಜ್ಯಗಳ ಕಾನೂನು ಕೈದಿಯನ್ನು ಇಲಾಖೆಯ ನೌಕರ ಅಂತ ಒಪ್ಪುವುದಿಲ್ಲ. ನೌಕರನಲ್ಲದ ಮೇಲೆ ಕಾರ್ಮಿಕ ಪರಿಹಾರವೂ ಸುಲಭಕ್ಕೆ ದಕ್ಕುವುದಿಲ್ಲ. ವ್ಯಾನಿಗೆ ದಿನಕ್ಕೆ 5 ಡಾಲರ್ ಕೊಟ್ಟು ಕೂತವನೇ ಕೋರ್ಟು ಅಲೆಯಬೇಕು.

ಹಾಗಾದರೆ ಕೈದಿಗೆ ಸ್ಟೀರಿಂಗ್ ಕೊಡಲೇಬಾರದೇ? ಕೊಡಬೇಕು ಅನ್ನುವವನು ನಾನು. ಬಸ್ಸು ಕಡಿಮೆ ಇರುವ ಅಂಥ ದೇಶದಲ್ಲಿ ಗಾಡಿ ಓಡಿಸದವನಿಗೆ ಬಿಡುಗಡೆಯಾದ ಮೇಲೆ ಬದುಕೇ ಇಲ್ಲ. ಜೈಲಿನಿಂದ ಹೊರಬರುವವನ ಜೇಬಿನಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಒಂದಿದ್ದರೆ ಅದು ಬಹಳ ದೊಡ್ಡದು. ಆದರೆ ಓಡಿಸುವವನಿಗೆ ಡ್ರೈವರ್ ಸಂಬಳ ಕೊಡಲಿ. ಗಂಟೆಗಳಿಗೆ ಮಿತಿ ಇರಲಿ. ಗಾಡಿಯಲ್ಲಿರುವ ಎಲ್ಲರಿಗೂ ವಿಮೆ ಇರಲಿ. ಆಗಲ್ಲ ಅಂದರೆ ಶಿಕ್ಷೆಯ ದಿನ ಕೂಡದಿರಲಿ. ಇದು ದಯೆಯ ಮಾತಲ್ಲ. ಎದುರಿನಿಂದ ಬರುವ ಕಾರಿನಲ್ಲಿ ನಿಮ್ಮ ಮಗಳು, ಅಳಿಯ ಇರುತ್ತಾರೆ.

ನಮ್ಮಲ್ಲಿ ಆಗಬಹುದೇ? ಬಯಲು ಬಂದೀಖಾನೆ ನಮಗೆ ಹೊಸದಲ್ಲ. ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಒಂದಿದೆ, ಬೆಂಗಳೂರಿನೊಳಗಿನ ಕೋರಮಂಗಲವಲ್ಲ. ಅಲ್ಲಿ ಕೈದಿಗಳು ಬೇಸಾಯ ಮಾಡುತ್ತಾರೆ. ರಾಜಸ್ಥಾನದವರು ಇನ್ನೂ ಮುಂದೆ ಹೋಗಿದ್ದಾರೆ. 1972ರ ನಿಯಮಗಳಡಿ ನಡೆಯುವ ಸಾಂಗಾನೇರ್ ಶಿಬಿರದಲ್ಲಿ ಕೈದಿ ಹೆಂಡತಿ ಮಕ್ಕಳ ಜೊತೆಗೇ ಇರುತ್ತಾನೆ. ಕೆಲಸ ತಾನೇ ಹುಡುಕಿಕೊಳ್ಳುತ್ತಾನೆ. ಸಂಜೆ ಹಾಜರಿಗೆ ಬರುತ್ತಾನೆ. ಸಂಬಳ ಅವನದೇ, ಸಂಸಾರವನ್ನೂ ಅವನೇ ಸಾಕಬೇಕು. ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು ಅಂತ ನಮ್ಮ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿದೆ, ಊಟ ಬಟ್ಟೆಯ ಖರ್ಚು ಕಳೆಯಲು ಒಪ್ಪಿದೆ. ಇನ್ನು ಲೈಸೆನ್ಸ್. ಶಿಕ್ಷೆಯಾಯಿತು ಅನ್ನುವ ಒಂದೇ ಕಾರಣಕ್ಕೆ ಅದು ತಾನಾಗಿ ರದ್ದಾಗುವುದಿಲ್ಲ. ರೂಢಿಗತ ಅಪರಾಧಿ, ವಿಪರೀತ ಕುಡುಕ, ಗಾಡಿಯನ್ನೇ ಅಪರಾಧಕ್ಕೆ ಬಳಸಿದವನು, ಇಂಥವರನ್ನು ಅನರ್ಹಗೊಳಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿದೆ. ಹಾಗಾಗಿ ಕಾನೂನಿನ ಅಡ್ಡಿ ನಾವು ಅಂದುಕೊಂಡಷ್ಟಿಲ್ಲ. ಜೈಲಿನಿಂದ ಬಂದವನಿಗೆ ಗಾಡಿ ಕೊಡುವ ಮಾಲೀಕರು ಎಷ್ಟು ಜನ ಸಿಗುತ್ತಾರೆ ಅನ್ನುವುದು ಬೇರೆ ಪ್ರಶ್ನೆ.

ಕಡೆಯದಾಗಿ ಕೋಡುಬಳೆ. ದಯವಿಟ್ಟು ಕೊಡಬೇಡಿ. ಹತ್ತು ಡಾಲರಂತೂ ಬೇಡವೇ ಬೇಡ. ಹೊರಗೆ ದುಡಿಯುವ ಕೈದಿಯ ಬಳಿ ಲೆಕ್ಕಕ್ಕೆ ಸಿಗದ ಹಣ, ಹೊರಗಿನವರು ಕೊಟ್ಟ ಪೊಟ್ಟಣ ಕಂಡರೆ ಅದೇ ಒಂದು ತಪ್ಪಾಗುತ್ತದೆ. ಸಂಜೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕೆಲಸ ಬಿಡಿಸಿ ಒಳಗೆ ಕೂರಿಸಬಹುದು. ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವುದೂ ಬೇಡ. ಏನಾದರೂ ಮಾಡಲೇಬೇಕು ಅನಿಸಿದರೆ, ಆ ಹುಡುಗ ಚೆನ್ನಾಗಿ ಕೆಲಸ ಮಾಡುತ್ತಾನೆ ಅಂತ ಅಂಗಡಿಯ ಮ್ಯಾನೇಜರ್‌ಗೆ ಮಗಳ ಕೈಲಿ ಎರಡು ಸಾಲು ಬರೆಸಿ ಕೊಡಿ. ಪೆರೋಲ್ ವಿಚಾರಣೆಗೆ ಮಾಲೀಕರ ಪತ್ರವನ್ನೂ ಇಡಬಹುದು. ಮ್ಯಾನೇಜರ್ ಬರೆಯುವಾಗ ಗಿರಾಕಿಯ ಈ ಚೀಟಿ ಉಪಯೋಗಕ್ಕೆ ಬಂದೀತು. ಕೋಡುಬಳೆ ಅಳಿಯಂದಿರಿಗೇ ಇರಲಿ.