‘ಊಟ ಆತೇನವಾ?’ ಅಂದ್ರ ‘ಹ್ಞೂಂ’ ಅನ್ನುತ್ತಿದ್ದ ಹುಡುಗಿ

(ಹೆಸರು, ಊರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿನಿ ಮತ್ತು ಆಕೆಯ ತಾಯಿಯ ಒಪ್ಪಿಗೆ ಪಡೆದು ಬರೆದದ್ದು.)

“ಓದಿದ್ದು ತಲಿಗೆ ಹತ್ತವಲ್ದರಿ ಮೇಡಂ.” ಸಂಗೀತಾ ಹೇಳಿದ ಮೊದಲ ಮಾತು ಇದು. 17 ವರ್ಷ, ದ್ವಿತೀಯ ಪಿಯುಸಿ ವಿಜ್ಞಾನ. ಗದಗ ಜಿಲ್ಲೆಯ ಹಳ್ಳಿಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡಿದ್ದಳು. ಕಿರುಪರೀಕ್ಷೆಗಳಲ್ಲಿ ಅಂಕ ಇಳಿದಿದ್ದವು. ಸಣ್ಣ ಮಾತಿಗೂ ಅಳು ಬರುತ್ತಿತ್ತು. ಹಿಂದಿನ ವಾರ ಪ್ರಯೋಗಾಲಯದಲ್ಲಿ ನಿಂತಲ್ಲೇ ಕಣ್ಣಿಗೆ ಕತ್ತಲೆ ಬಂದು ಕುಸಿದಿದ್ದಳು. ಪರೀಕ್ಷೆಯ ಭಯ ಇರಬೇಕೆಂದು ಉಪನ್ಯಾಸಕರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು.

ಹದಿಹರೆಯದ ಯಾರೇ ಬರಲಿ, ಮನಸ್ಸಿನ ಮಾತಿಗೆ ಮೊದಲು ನಿದ್ದೆ ಮತ್ತು ಊಟದ ವಿಚಾರ ಕೇಳುತ್ತೇನೆ. “ಊಟ ಸರಿಯಾಗಿ ಮಾಡ್ತೀಯಾ?” ಎಂದರೆ ಎಲ್ಲರೂ ಹೌದು ಅನ್ನುತ್ತಾರೆ. ಅದಕ್ಕೇ “ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಬಾಯಿಗೆ ಏನೇನು ಹೋತು, ಹೇಳು” ಎಂದು ಕೇಳಬೇಕು. ಬೆಳಿಗ್ಗೆ ಚಹಾ, ಎರಡು ಟೋಸ್ಟು. ಮಧ್ಯಾಹ್ನ ಕಾಲೇಜಿನ ಹೊರಗೆ ಗಿರ್ಮಿಟ್ಟು. ಸಂಜೆ ಮತ್ತೆ ಚಹಾ. ರಾತ್ರಿ ಒಂದು ಪ್ಯಾಕೆಟ್ ನೂಡಲ್ಸ್. ಅದಕ್ಕೂ ಹಿಂದಿನ ದಿನವೂ ಹೆಚ್ಚುಕಡಿಮೆ ಇಷ್ಟೇ.

ಆಕೆಗೆ ತಿಳಿವಳಿಕೆಯ ಕೊರತೆ ಇರಲಿಲ್ಲ. ಸಮತೋಲಿತ ಆಹಾರ ಎಂದರೇನು ಎಂದು ಕೇಳಿದ್ದರೆ ಜೀವಶಾಸ್ತ್ರದ ಪುಸ್ತಕ ಒಪ್ಪಿಸಿಬಿಡುತ್ತಿದ್ದಳು. ಇಂಥ ಮಕ್ಕಳ ಮುಂದೆ ತಟ್ಟೆಯ ಚಿತ್ರ ಹಿಡಿದು ಉಪದೇಶ ಮಾಡುವುದರಿಂದ ಏನೂ ಆಗುವುದಿಲ್ಲ. ರೂಮಿನಲ್ಲಿ ಏನೇನು ಇದೆ ಎಂದು ಕೇಳಿದೆ. ಅವ್ವ ಊರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ ಕಡಕ್ ರೊಟ್ಟಿಯ ಗಂಟು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಒಂದೊಂದು ಡಬ್ಬಿ. ಮಡಿಕೆ ಕಾಳು, ಹೆಸರುಬೇಳೆ, ಅಕ್ಕಿ, ಬೆಲ್ಲ. ಮೂರು ಲೀಟರ್ ಕುಕ್ಕರು, ಇಂಡಕ್ಷನ್ ಒಲೆ. ಮಡಿಕೆ ಕಾಳಿನ ಗಂಟು ಬಿಚ್ಚೇ ಇಲ್ಲ ಎಂದಳು.

“ಇಷ್ಟೆಲ್ಲಾ ಇದ್ದೂ ಯಾಕ ಮಾಡ್ಕೊಳ್ಳೂದಿಲ್ಲ?”

ಬಹಳ ಹೊತ್ತು ಸುಮ್ಮನಿದ್ದು, “ಒಬ್ಬಾಕಿಗೆ ಏನ್ ಅಡಿಗಿ ಮಾಡೂದರಿ?” ಅಂದಳು.

ಈ ಪ್ರಕರಣದ ಗಂಟು ಇದ್ದದ್ದು ಇಲ್ಲೇ. ಮೊದಲ ವರ್ಷ ಮೂವರೂ ಕೂಡಿ ಅಡಿಗೆ ಮಾಡುತ್ತಿದ್ದರು. ಒಬ್ಬಳು ಪಾತ್ರೆ ತಿಕ್ಕದೆ ಬಿಡುತ್ತಿದ್ದಳು, ಇನ್ನೊಬ್ಬಳು ಎಣ್ಣೆಗೆ ದುಡ್ಡು ಕೊಟ್ಟಿರಲಿಲ್ಲ. ಮಾತಿಗೆ ಮಾತು ಬೆಳೆದು ಮೂರು ಹುಡುಗಿಯರು ಮೂರು ಕಪಾಟು ಮಾಡಿಕೊಂಡರು. ಆಮೇಲೆ ಯಾರೂ ಕುಕ್ಕರ್ ಇಟ್ಟಿಲ್ಲ. ಒಂದೇ ಕೋಣೆಯಲ್ಲಿ ಮೂವರೂ ಮೊಬೈಲು ನೋಡುತ್ತ ಬೇರೆ ಬೇರೆ ನೂಡಲ್ಸ್ ತಿನ್ನುತ್ತಿದ್ದರು. ಪಾತ್ರೆಯ ಜಗಳ ಎಂದರೆ ದೊಡ್ಡವರಿಗೆ ನಗು ಬರಬಹುದು. ಮನೆ ಬಿಟ್ಟು ಬಂದ 17ರ ಹುಡುಗಿಗೆ ಅದು ಸಂಸಾರವೇ ಒಡೆದಂತೆ. ಅಳುವಿನ ಅರ್ಧ ಪಾಲು ಈ ಒಂಟಿತನದ್ದು ಎಂದು ನನಗೆ ಅನ್ನಿಸಿತು.

ಇನ್ನೊಂದು ವಿಷಯವನ್ನು ಕೇಳದೆ ಬಿಡುವಂತಿಲ್ಲ. ತೂಕ ಇಳಿಸಬೇಕೆಂದು ಬೇಕಂತಲೇ ಬಿಡುತ್ತಿದ್ದಾಳೆಯೇ, ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಾಳೆಯೇ, ಮುಟ್ಟು ನಿಂತಿದೆಯೇ ಎಂದು ಮೆಲ್ಲಗೆ ಕೇಳಿದೆ. ಯಾವುದೋ ವೀಡಿಯೊ ನೋಡಿ ರಾತ್ರಿ ಅನ್ನ ಬಿಟ್ಟಿದ್ದು ಹೌದು. ಅದಕ್ಕಿಂತ ಮುಂದೆ ಹೋಗಿರಲಿಲ್ಲ. ಉಳಿದ ಲಕ್ಷಣಗಳಲ್ಲಿ ಒಂದಾದರೂ ಇದ್ದಿದ್ದರೆ ಅಡಿಗೆಯ ಮಾತು ಬದಿಗಿಟ್ಟು ಅಂದೇ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆ ಎಂಬುದು ಈ ಪ್ರಶ್ನೆಗಳ ನಡುವೆ ತಿಳಿಯಿತು.

ರಕ್ತ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಹಿಮೋಗ್ಲೋಬಿನ್ 9.8. ಈ ವಯಸ್ಸಿನ ಹುಡುಗಿಯರಿಗೆ ಕನಿಷ್ಠ 12 ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ‘ಓದಿದ್ದು ತಲೆಗೆ ಹತ್ತುತ್ತಿಲ್ಲ’ ಎನ್ನುವ ಹುಡುಗಿಯನ್ನು ಸೋಮಾರಿ ಎಂದು ಬೈಯುವ ಮೊದಲು ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ಉಪನ್ಯಾಸಕರಿಗೆಲ್ಲ ಬೇಡಿಕೊಳ್ಳುತ್ತೇನೆ. ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ಕಬ್ಬಿಣದ ನೀಲಿ ಗುಳಿಗೆಯನ್ನು ಹೊಟ್ಟೆ ತೊಳಸುತ್ತದೆ ಎಂದು ಎಸೆಯುತ್ತಿದ್ದಳಂತೆ. ಈಗ ವೈದ್ಯರು ಚಿಕಿತ್ಸೆಯ ಪ್ರಮಾಣದಲ್ಲೇ ಕಬ್ಬಿಣದ ಗುಳಿಗೆ, ಜೊತೆಗೆ ಜಂತಿನ ಗುಳಿಗೆ ಬರೆದುಕೊಟ್ಟರು. ಮಲ ಕಪ್ಪಗಾಗುತ್ತದೆ, ಹೆದರಬೇಡ ಎಂದು ಮೊದಲೇ ಹೇಳಿಟ್ಟೆ. ಹೇಳದಿದ್ದರೆ ಎರಡನೇ ದಿನಕ್ಕೇ ಬಿಟ್ಟುಬಿಡುತ್ತಾರೆ. ರಕ್ತ ಇಷ್ಟು ಇಳಿದಾಗ ಊಟ ಒಂದರಿಂದಲೇ ಅದು ಬೇಗ ಏರುವುದಿಲ್ಲ, ಗುಳಿಗೆ ಬೇಕೇ ಬೇಕು.

ಅವಳು ಲೆಕ್ಕದ ಹುಡುಗಿ, ಆದ್ದರಿಂದ ಲೆಕ್ಕದಲ್ಲೇ ಮಾತಾಡಿದೆವು. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಐಸಿಎಂಆರ್–ಎನ್‌ಐಎನ್) 2020ರಲ್ಲಿ ಹೇಳಿದಂತೆ 16ರಿಂದ 18ರ ಹುಡುಗಿಗೆ ದಿನಕ್ಕೆ 46 ಗ್ರಾಂ ಪ್ರೋಟೀನು, 32 ಮಿಲಿಗ್ರಾಂ ಕಬ್ಬಿಣ, 1050 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹೊಲದಲ್ಲಿ ದುಡಿಯುವ ಅವಳ ಅವ್ವನಿಗೆ ಬೇಕಾದ ಕಬ್ಬಿಣ 29. “ಅವ್ವಗಿಂತ ನನಗ ಜಾಸ್ತಿ ಬೇಕಾ?” ಎಂದು ಬೆರಗಾದಳು. ಒಂದು ಪ್ಯಾಕೆಟ್ ನೂಡಲ್ಸ್‌ನಲ್ಲಿ ಪ್ರೋಟೀನು ಐದಾರು ಗ್ರಾಂ ಇದ್ದರೆ ಹೆಚ್ಚು. ಅದೇ ಎರಡು ಜೋಳದ ರೊಟ್ಟಿಯಲ್ಲಿ ಎಂಟೊಂಬತ್ತು, ಒಂದು ಬಟ್ಟಲು ಮಡಿಕೆ ಕಾಳಿನ ಪಲ್ಯದಲ್ಲಿ ಎಂಟು, ಒಂದು ಹಿಡಿ ಶೇಂಗಾದಲ್ಲಿ ಏಳು, ದೊಡ್ಡ ಬಟ್ಟಲು ಮೊಸರಿನಲ್ಲಿ ಐದಾರು, ರಾತ್ರಿಯ ಬೇಳೆ ಖಿಚಡಿಯಲ್ಲಿ ಹತ್ತು. ಮೇಲೆ ಒಂದಿಷ್ಟು ಪುಟಾಣಿ ತಿಂದರೆ 46ರ ಹತ್ತಿರ ಬರುತ್ತದೆ. ಇದರಲ್ಲಿ ಹೊಸದಾಗಿ ಕೊಳ್ಳಬೇಕಾದ್ದು ಮೊಸರು, ಶೇಂಗಾ, ಪುಟಾಣಿ ಅಷ್ಟೇ. ರೂಮಿನ ಮಾಲೀಕರು ತತ್ತಿ ತರಕೂಡದು ಅಂದಿದ್ದಾರೆ ಎಂಬ ಕೊರಗು ಆಕೆಗಿತ್ತು. ತತ್ತಿ ಒಳ್ಳೆಯದೇ, ಒಂದಕ್ಕೆ ಆರು ಗ್ರಾಂ ಪ್ರೋಟೀನು ಸಿಗುತ್ತದೆ. ಹೊರಗೆ ಬೇಯಿಸಿದ್ದು ಸಿಕ್ಕರೆ ತಿನ್ನು, ಅದಕ್ಕಾಗಿ ಮಾಲೀಕರ ಜೊತೆ ವಾದಕ್ಕೆ ನಿಲ್ಲಬೇಡ ಎಂದೆ.

ಚಹಾ ಬಿಡು ಅನ್ನಲಿಲ್ಲ. ಅಂದರೂ ಬಿಡುವವಳಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಇರಲಿ, ಗುಳಿಗೆಯನ್ನು ಚಹಾ, ಹಾಲಿನ ಜೊತೆ ನುಂಗಬೇಡ, ಕಾಳಿನ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೋ ಎಂದೆ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆ ಹತ್ತಿಸುತ್ತದೆ.

ಮುಂದಿನ ಭೇಟಿಗೆ ಅವಳ ಒಪ್ಪಿಗೆ ಕೇಳಿ ಗೆಳತಿಯರಿಬ್ಬರನ್ನೂ ಕರೆಸಿದೆ. ಯಾರು ತಪ್ಪು ಎಂಬ ವಿಚಾರಣೆ ಬೇಡವೆಂದು ಮೊದಲೇ ಹೇಳಿ, ರಾತ್ರಿಯ ಒಂದು ಹೊತ್ತು ಮಾತ್ರ ಕೂಡಿ ಮಾಡಲು ಏನು ಬೇಕು ಎಂದು ಕೇಳಿದೆ. ಪಾತ್ರೆ ತಿಕ್ಕಲಾಗದವಳಿಗೆ ಸಾಬೂನಿನಿಂದ ಕೈ ಒಡೆಯುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸಂತೆ ಮತ್ತು ಸೊಪ್ಪು ಸೋಸುವ ಕೆಲಸ ಅವಳ ಪಾಲಿಗೆ ಬಂತು. ಒಬ್ಬಳು ಕುಕ್ಕರು, ಇನ್ನೊಬ್ಬಳು ಪಾತ್ರೆ. ಎಣ್ಣೆ, ಬೇಳೆಗೆ ಒಂದೇ ಡಬ್ಬಿಯಲ್ಲಿ ದುಡ್ಡು.

ಅಡಿಗೆ ಅರ್ಧ ತಾಸು ಮೀರಬಾರದು ಎಂಬುದು ಅವರ ಷರತ್ತು. ಖಿಚಡಿಯಿಂದ ಶುರು ಮಾಡಿದರು. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ ತೊಳೆದಿಟ್ಟು, ಕುಕ್ಕರಿನಲ್ಲಿ ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಸಿಡಿಸಿ, ಮೆಂತ್ಯ ಸೊಪ್ಪು ಬಾಡಿಸಿ, ಐದು ಲೋಟ ನೀರು, ಅರಿಷಿಣ, ಉಪ್ಪು. ನಾಲ್ಕು ಸೀಟಿ. ಮೇಲೆ ಗುರೆಳ್ಳು ಚಟ್ನಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಅದು ಕುದಿಯುವಾಗಲೇ ಮಡಿಕೆ ಕಾಳು ನೆನೆ ಹಾಕಿ, ಮರುದಿನ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಡುವುದು. ಆ ಸಂಜೆಗೆ ಮೊಳಕೆ ಕಾಣಿಸುತ್ತದೆ, ಅದರ ಮುಂದಿನ ಬೆಳಿಗ್ಗೆ ಒಗ್ಗರಣೆ ಕೊಟ್ಟು ರೊಟ್ಟಿಯೊಂದಿಗೆ ಡಬ್ಬಿಗೆ. ಫ್ರಿಜ್ ಇಲ್ಲದ ರೂಮು, ಆದ್ದರಿಂದ ಅನ್ನ, ಖಿಚಡಿ ಉಳಿಸಿ ಮರುದಿನ ತಿನ್ನಕೂಡದು ಎಂದು ಒತ್ತಿ ಹೇಳಿದೆ. ಸಂಜೆಯ ಹಸಿವಿಗೆ ಶೇಂಗಾ ಬೆಲ್ಲ, ಬಾಳೆಹಣ್ಣು, ಇಲ್ಲವೇ ಚುರುಮುರಿಗೆ ಪುಟಾಣಿ, ಉಳ್ಳಾಗಡ್ಡಿ ಹಾಕಿಕೊಂಡದ್ದು. ತಿಂಗಳಿಗೊಂದೆರಡು ಸಲ ನೂಡಲ್ಸ್ ತಿಂದರೆ ಅದನ್ನೊಂದು ಅಪರಾಧವಾಗಿ ನನ್ನ ಮುಂದೆ ಹೇಳಬೇಕಿಲ್ಲ ಎಂದೂ ಹೇಳಿದೆ.

ಅವ್ವನ ಜೊತೆ ಫೋನಿನಲ್ಲಿ ಮಾತಾಡಿದೆ. ದಿನಾ ರಾತ್ರಿ “ಊಟ ಆತೇನವಾ?” ಎಂದು ಆಕೆ ಕೇಳುತ್ತಿದ್ದರು, ಮಗಳು ಹ್ಞೂಂ ಎನ್ನುತ್ತಿದ್ದಳು. “ಇವತ್ತ ಏನ್ ಮಾಡಿದ್ರಿ, ಯಾರ್ ಮಾಡಿದ್ರು ಅಂತ ಕೇಳ್ರಿ” ಎಂದೆ. ಆ ಪ್ರಶ್ನೆಗೆ ಹ್ಞೂಂ ಎಂಬ ಉತ್ತರ ನಡೆಯುವುದಿಲ್ಲ. ರೊಟ್ಟಿಯ ಜೊತೆ ಅಳವಿ ಬೀಜದ ಉಂಡಿ ಕಳಿಸುತ್ತೇನೆ ಎಂದು ಅವರೇ ಹೇಳಿದರು. ಅದರಲ್ಲೂ ಕಬ್ಬಿಣ ಚೆನ್ನಾಗಿದೆ.

ಮೂರು ತಿಂಗಳ ನಂತರ ಹಿಮೋಗ್ಲೋಬಿನ್ 11.4ಕ್ಕೆ ಬಂದಿದೆ. ಗುಳಿಗೆ ಇನ್ನೂ ನಿಲ್ಲಿಸುವಂತಿಲ್ಲ. 12 ದಾಟಿದ ಮೇಲೂ ಕೆಲವು ತಿಂಗಳು ಬೇಕೆಂದು ವೈದ್ಯರು ಹೇಳಿದ್ದಾರೆ. ಅಳು ಕಡಿಮೆಯಾಗಿದೆ. ಅಂಕ ಭೌತಶಾಸ್ತ್ರದಲ್ಲಿ ಏರಿದೆ, ರಸಾಯನಶಾಸ್ತ್ರದಲ್ಲಿ ಇಲ್ಲ. ಮೂವರಲ್ಲಿ ಒಬ್ಬಳು ಖಾನಾವಳಿಗೆ ಹಚ್ಚಿಕೊಂಡಿದ್ದಾಳೆ, ಉಳಿದಿಬ್ಬರು ಕೂಡಿ ಉಣ್ಣುತ್ತಾರೆ.

ಪರೀಕ್ಷೆಯ ದಿನ ಬೆಳಿಗ್ಗೆ ಮಾತ್ರ ಏನೂ ಸೇರುವುದಿಲ್ಲ, ವಾಂತಿ ಬಂದಂತಾಗುತ್ತದೆ ಎನ್ನುತ್ತಾಳೆ. ಅದಕ್ಕೆ ಸದ್ಯ ತೆಳು ಅವಲಕ್ಕಿಗೆ ಮೊಸರು, ಉಪ್ಪು ಕಲಸಿ ನಾಲ್ಕು ಚಮಚ ತಿಂದು, ಬಾಳೆಹಣ್ಣು ಬ್ಯಾಗಿನಲ್ಲಿಟ್ಟುಕೊಂಡು ಹೋಗುವುದು ಎಂದು ಇಬ್ಬರೂ ಒಪ್ಪಿದ್ದೇವೆ. ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಮತ್ತೆ ಬರುತ್ತಾಳೆ.