ಡೀಸೆಲ್ ಟ್ಯಾಂಕಿನ ತೂತು ಮುಚ್ಚುವ ಮುಂಚೆ ಅದರ ತಳ ನೋಡಿ

ಪ್ರಶ್ನೆ: ಹೊನ್ನಾವರದಲ್ಲಿ ನಮ್ಮದೊಂದು ಫೈಬರ್ ಬೋಟು ಇದೆ. 300 ಲೀಟರ್‌ನ ಅಲ್ಯೂಮಿನಿಯಂ ಡೀಸೆಲ್ ಟ್ಯಾಂಕಿಗೆ ಈಗ ಒಂಬತ್ತು ವರ್ಷ. ಮಳೆಗಾಲಕ್ಕೆ ಬೋಟು ಮೇಲೆಳೆದಾಗ ಟ್ಯಾಂಕಿನ ಕೆಳಮೂಲೆಯಲ್ಲಿ ಬಿಳಿ ಪುಡಿ, ಡೀಸೆಲ್ ಪಸೆ ಕಂಡಿತು. ಎಪಾಕ್ಸಿ ಪುಟ್ಟಿ ಮೆತ್ತಿದೆ, ಎರಡೇ ದಿನಕ್ಕೆ ಮತ್ತೆ ಒಸರಿತು. ವೆಲ್ಡರ್ ಬೋಟಿಗೇ ಬಂದು ಪ್ಯಾಚ್ ಹಾಕಿಕೊಡುತ್ತೇನೆ ಎನ್ನುತ್ತಾರೆ. ಹಾಕಿಸಲಾ, ಹೊಸದು ಮಾಡಿಸಲಾ? ತುಕ್ಕು ಹಿಡಿಯಲ್ಲ ಅಂತ ಹೇಳಿಯೇ ಕೊಟ್ಟಿದ್ದರು.

ಉತ್ತರ: ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯಲ್ಲ, ಅಷ್ಟು ಮಾತ್ರ ನಿಜ. ಗಾಳಿ ತಾಗಿದರೆ ಅಲ್ಯೂಮಿನಿಯಂ ಮೈಮೇಲೆ ತೆಳು ಪೊರೆ ತಾನೇ ಕಟ್ಟಿಕೊಳ್ಳುತ್ತದೆ. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಆ ಪೊರೆ ಒಡೆಯುತ್ತದೆ, ಮತ್ತೆ ಕೂಡುವುದಿಲ್ಲ. ಸೂಜಿ ಚುಚ್ಚಿದ ಹಾಗೆ ಗುಂಡಿ ಆಳಕ್ಕೆ ಇಳಿಯುತ್ತಾ ಹೋಗುತ್ತದೆ. ನೀವು ಕಂಡ ಬಿಳಿ ಪುಡಿ ಹಾಗೆ ಸವೆದುಹೋದ ಟ್ಯಾಂಕೇ.

ಹಾಗಾಗಿ ಮೊದಲು ಟ್ಯಾಂಕನ್ನು ಹೊರಗೆ ತೆಗೆಸಿ, ಮಗುಚಿ ಹಾಕಿ. ಕಾರವಾರದ ಬೈತಕೋಲ ಬಂದರಿನಲ್ಲಿ ಒಮ್ಮೆ ನಾನೇ ಇದನ್ನು ಮಾಡದೆ ಕೆಟ್ಟೆ. ಕಂಡ ತೂತಿಗೆ ಚಂದದ ಪ್ಯಾಚ್ ಹಾಕಿ ಕಳಿಸಿದೆ. ವಾರಕ್ಕೆ ಬೋಟು ವಾಪಸ್, ಪ್ಯಾಚಿನಿಂದ ಎರಡು ಬೆರಳು ದೂರದಲ್ಲಿ ಇನ್ನೊಂದು ತೂತು. ಆಮೇಲೆ ತಳ ನೋಡಿದರೆ, ಕೆಳಗಿಟ್ಟ ರಬ್ಬರ್ ಪಟ್ಟಿಯ ಅಗಲಕ್ಕೆ ಸರಿಯಾಗಿ ಗುಂಡಿಗಳ ಸಾಲು. ಪಟ್ಟಿಗೂ ಟ್ಯಾಂಕಿಗೂ ನಡುವೆ ವರ್ಷಗಟ್ಟಲೆ ನೀರು ಆರದೆ ಕೂತಿತ್ತು. ಒಂದು ಮೂಲೆಯಲ್ಲಿ ಯಾರೋ ವೈರಿಂಗ್ ಮಾಡುವಾಗ ಬಿಟ್ಟ ತಾಮ್ರದ ತಂತಿ ತುಂಡು ಅಂಟಿತ್ತು. ಅದರ ಆಕಾರಕ್ಕೇ ಅಲ್ಯೂಮಿನಿಯಂ ಕೊರೆದುಹೋಗಿತ್ತು. ಉಪ್ಪುನೀರಿನಲ್ಲಿ ತಾಮ್ರ, ಹಿತ್ತಾಳೆ ಪಕ್ಕಕ್ಕೆ ಬಂದರೆ ಸವೆಯುವುದು ಅಲ್ಯೂಮಿನಿಯಮ್ಮೇ.

ತಳವನ್ನು ಬ್ರಷ್ ಹಾಕಿ ಉಜ್ಜಿ. ಗುಂಡಿಗಳಿಗೆ ದಬ್ಬಳದ ತುದಿ ಒತ್ತಿ ನೋಡಿ. ಒಂದೇ ಜಾಗದಲ್ಲಿ ಎರಡು ಮೂರು ಗುಂಡಿ, ಉಳಿದ ತಗಡು ಗಟ್ಟಿ ಅಂದ್ರೆ ಆ ಭಾಗ ಕತ್ತರಿಸಿ ಹೊಸ ತುಂಡು ಆರ್ಗನ್ ವೆಲ್ಡಿಂಗ್ ಮಾಡಿಸಬಹುದು. ಅಲ್ಲಲ್ಲಿ ಹರಡಿದ್ದರೆ ಪ್ಯಾಚಿಗೆ ದುಡ್ಡು ಸುರಿಯಬೇಡಿ, ಟ್ಯಾಂಕ್ ಗುಜರಿಗೆ. ಒಂಬತ್ತು ವರ್ಷದ್ದು, ಮೂಲೆಯಲ್ಲಿ ಒಸರುತ್ತಿದೆ ಅಂದ್ರೆ ನನ್ನ ಅಂದಾಜು ಎರಡನೆಯದೇ. ಪುಟ್ಟಿ ನಡುನೀರಿನಿಂದ ದಡ ಮುಟ್ಟುವುದಕ್ಕೆ ಸಾಕು. ಡೀಸೆಲ್ ಒಸರುವ ಜಾಗದಲ್ಲಿ ಅದು ಕಚ್ಚಿಕೊಳ್ಳುವುದೇ ಇಲ್ಲ.

ಬೋಟಿನೊಳಗೇ ವೆಲ್ಡಿಂಗ್ ಬೇಡವೇ ಬೇಡ. ಡೀಸೆಲ್ ಅಲ್ವಾ, ಪೆಟ್ರೋಲ್ ಅಲ್ಲವಲ್ಲ ಅಂತ ಹಗುರವಾಗಿ ತಗೋಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಒಳಗೆ ಅಂಟಿದ ಎಣ್ಣೆ ಕಾದು ಆವಿಯಾಗಿ ಗಾಳಿ ಜೊತೆ ಬೆರೆತರೆ ಟ್ಯಾಂಕ್ ಸಿಡಿಯುತ್ತದೆ. ಹೊರಗೆ ತಂದು, ಸೋಪಿನ ಬಿಸಿನೀರಲ್ಲಿ ಹಲವು ಸಲ ತೊಳೆದು, ಒಣಗಿಸಿ, ಒಳಗೆ ಬೆಂಕಿ ಹತ್ತದ ಆರ್ಗನ್ ಅನಿಲ ತುಂಬಿಸಿಯೇ ಕೆಲಸ ಮಾಡುವವರಿಗೆ ಕೊಡಿ. ಇದು ಗೊತ್ತಿಲ್ಲದ ವೆಲ್ಡರ್ ಎಷ್ಟು ಕಡಿಮೆಗೆ ಮಾಡಿಕೊಟ್ಟರೂ ಬೇಡ.

ಆಮೇಲೆ ಪರೀಕ್ಷೆ. ಎಲ್ಲ ಬಾಯಿ ಮುಚ್ಚಿ, ಸೈಕಲ್ ಪಂಪಿನಿಂದ 3 ಪಿಎಸ್ಐ (ಚದರ ಇಂಚಿಗೆ 3 ಪೌಂಡ್) ಒತ್ತಡ ಕೊಟ್ಟು, ಬೆಸುಗೆಗೆ ಸೋಪಿನ ನೊರೆ ಹಚ್ಚಿ ನೋಡಿ. ಅದಕ್ಕಿಂತ ಜಾಸ್ತಿ ಬೇಡ. 3 ಪಿಎಸ್ಐ ಅಂದ್ರೆ ಒಂದು ಚದರ ಅಡಿ ತಗಡಿನ ಮೇಲೆ ಸುಮಾರು 196 ಕಿಲೋ ಭಾರ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಟ್ಯಾಂಕ್ ಹಲಸಿನಕಾಯಿ ಥರ ಉಬ್ಬುತ್ತದೆ.

ಹೊಸದು ಮಾಡಿಸುವುದಾದರೆ 5052 ಅಥವಾ 5083 ದರ್ಜೆಯ ತಗಡನ್ನೇ ಕೇಳಿ, 4–5 ಮಿ.ಮೀ. ದಪ್ಪ ಇರಲಿ. ಇಟ್ಟ ಜಾಗ ಬದಲಾಗದಿದ್ದರೆ ಹೊಸದಕ್ಕೂ ಇದೇ ಗತಿ. ಕೆಳಗೆ ರಬ್ಬರ್, ಫೋಮ್, ಗೋಣಿ ಏನೂ ಬೇಡ. ನೀರು ಹೀರದ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯನ್ನು ಸೀಲೆಂಟ್ ಹಾಕಿ ಟ್ಯಾಂಕಿಗೇ ಅಂಟಿಸಿ, ನಡುವೆ ನೀರು ನುಗ್ಗಬಾರದು. ಬೋಟಿನ ತಳದ ನೀರು ಮುಟ್ಟದಷ್ಟು ಎತ್ತರದಲ್ಲಿಡಿ, ಸುತ್ತ ಗಾಳಿಯಾಡಲಿ. ಹಿತ್ತಾಳೆ ನಲ್ಲಿ, ನಿಪ್ಪಲ್ ನೇರವಾಗಿ ಕೂರಿಸಬೇಡಿ, ಸ್ಟೇನ್‌ಲೆಸ್ ಹಾಕಿಸಿ.

ಒಳಗಿನಿಂದಲೂ ಟ್ಯಾಂಕ್ ತಿನ್ನಿಸಿಕೊಳ್ಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಲ್ಲಿ ಅರ್ಧ ಡೀಸೆಲ್ ಬಿಟ್ಟು ಹೋದರೆ, ಮಳೆಗಾಲದ ತೇವ ಖಾಲಿ ಭಾಗದಲ್ಲಿ ಹನಿಗಟ್ಟಿ ತಳಕ್ಕಿಳಿಯುತ್ತದೆ. ಒಂದೋ ಪೂರ್ತಿ ತುಂಬಿಸಿ, ಇಲ್ಲಾ ಪೂರ್ತಿ ಖಾಲಿ ಮಾಡಿ ಒಣಗಿಸಿ ಇಡಿ. ಸೀಸನ್ ಶುರುವಾದ ಮೇಲೆ ಫಿಲ್ಟರಿನ ನೀರನ್ನು ವಾರಕ್ಕೊಮ್ಮೆ ಬಾಟಲಿಗೆ ಬಿಟ್ಟು ನೋಡಲು ಬೋಟು ನಡೆಸುವ ನಿಮ್ಮ ತಾಂಡೇಲರಿಗೆ ಹೇಳಿ.