ಮುಂಡರಗಿ ಕಡೆ ವಸಂತ ಅಂದ್ರೆ ರಾಶಿ ಕಾಲ

"ವಸಂತ ಬಂದಾಗ ನಿಮ್ಮ ಹೊಲ ಹೆಂಗಿರುತ್ತೆ, ಎಲ್ಲ ಚಿಗುರಿ ಹಸಿರಾಗಿರುತ್ತಾ?" ಅಂತ ಕೇಳಿದ್ದೀರಿ. ಇಲ್ಲ. ಶಿವರಾತ್ರಿ ದಾಟಿದ ಮೇಲೆ ನಮ್ಮ ಎರೆಹೊಲ, ಅಂದ್ರೆ ಕರಿಮಣ್ಣಿನ ಹೊಲ, ನೋಡಿದರೆ ನಿಮಗೆ ಬೇಜಾರಾಗಬಹುದು. ಪೀಕು ತೆಗೆದಾಗಿರುತ್ತೆ. ನೆಲ ಬಿರುಕು ಬಿಟ್ಟಿರುತ್ತೆ. ಕೆಲವು ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈವರೆಗೂ ಇಳಿಯುತ್ತೆ. ಆದರೆ ಮನೆ ಮಾತ್ರ ತುಂಬಿರುತ್ತೆ. ಪಡಸಾಲೆಯಲ್ಲಿ ಕಡಲೆ ಚೀಲ, ಹಿತ್ತಲಲ್ಲಿ ಕಣಕಿ (ಒಣಗಿದ ಜೋಳದ ದಂಟು) ಬಣವಿ, ಮಾಳಿಗೆ ಮೇಲೆ ಮೆಣಸಿನಕಾಯಿ, ಮೂಲೆಯಲ್ಲಿ ಇನ್ನೂ ಬಡಿಯದ ಹುಣಸೆ ಹಣ್ಣು. ನಡೆಯೋಕೆ ಜಾಗ ಇರಲ್ಲ. ಬೇವು ಚಿಗುರುತ್ತೆ, ಕೋಗಿಲೆ ಕೂಗುತ್ತೆ, ಅದೆಲ್ಲ ಇದೆ. ಆದರೆ ಅದನ್ನ ನೋಡುತ್ತ ಕೂರೋಕೆ ಯಾರಿಗೂ ಪುರುಸೊತ್ತಿಲ್ಲ.

ಮೊದಲು ನಾವು ಎಲ್ಲಿದ್ದೀವಿ ಅಂತ ಹೇಳ್ತೀನಿ. ಗದಗ ಜಿಲ್ಲೆ, ಮುಂಡರಗಿ ತಾಲ್ಲೂಕು. ನಮ್ಮದು ಗಡಿನಾಡು ಅಂದ್ರೆ ನೀವು ನಂಬಲ್ಲ. ಈಗಿನ ನಕ್ಷೆಯಲ್ಲಿ ಬೇರೆ ರಾಜ್ಯ ನಮಗೆ ದೂರ. ಆದರೆ ನಮ್ಮ ಅಜ್ಜನ ಕಾಲದಲ್ಲಿ ಇಲ್ಲಿ ಮೂರು ಸರ್ಕಾರಗಳ ಗಡಿ ಕೂಡುತ್ತಿತ್ತು. ನಾವು ಧಾರವಾಡ ಜಿಲ್ಲೆಯವರು, ಅಂದ್ರೆ ಮುಂಬಯಿ ಪ್ರಾಂತ್ಯ. ಪೂರ್ವಕ್ಕೆ ಕೊಪ್ಪಳ, ಅದು ನಿಜಾಮರ ರಾಜ್ಯ. ದಕ್ಷಿಣಕ್ಕೆ ತುಂಗಭದ್ರಾ ಹೊಳೆ ದಾಟಿದರೆ ಹಡಗಲಿ, ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಪಕ್ಕದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ. ಎಲ್ಲ ಕಡೆಯೂ ಕನ್ನಡವೇ, ಸರ್ಕಾರ ಮಾತ್ರ ಬೇರೆ ಬೇರೆ. 1947-48ರಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳತ್ವದಲ್ಲಿ ಹೈದರಾಬಾದ್ ವಿಮೋಚನೆಯ ಶಿಬಿರ ನಡೆದದ್ದು ಮುಂಡರಗಿಯಲ್ಲೇ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, 1956ರಲ್ಲಿ ಎಲ್ಲರೂ ಒಂದೇ ರಾಜ್ಯಕ್ಕೆ ಬಂದೆವು. ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ನಮ್ಮ ಅಜ್ಜಿ ಕೊಪ್ಪಳದ ಕಡೆಯವಳು. ಆಗ ಗಡಿಯಲ್ಲಿ ನಿಜಾಮರ ಕರೋಡಗಿರಿ ನಾಕಾ ಇರುತ್ತಿದ್ದವು, ಸಾಮಾನು ದಾಟಿಸಿದರೆ ಸುಂಕ. ತವರಿನಿಂದ ಬರುವಾಗ ಉಡಿಯಲ್ಲಿ ಕಡಲೆ ಕಟ್ಟಿಕೊಂಡು ಬರುತ್ತಿದ್ದೆ ಅಂತ ಹೇಳೋಳು. ಅದಕ್ಕೂ ಸುಂಕ ಕೇಳ್ತಿದ್ದರಾ ಅಂತ ನಾವು ಕೇಳಿದರೆ ಮಾತು ಮರೆಸೋಳು. ಈಗ ಆ ಗಡಿ ದಾಟೋದು ಬೀಗರ ಮನೆಗೆ ಹೋಗೋಕೆ, ಕುರಿ ಸಂತೆಗೆ ಹೋಗೋಕೆ, ಅಷ್ಟೇ.

ಇಲ್ಲಿ ವರ್ಷಕ್ಕೆ ಬೀಳೋ ಮಳೆ 600 ಮಿಲಿಮೀಟರ್ ಆಸುಪಾಸು. ಪಶ್ಚಿಮಕ್ಕೆ ಧಾರವಾಡ, ಕಲಘಟಗಿ ಕಡೆ ಹೋದರೆ ಮಾವಿನ ತೋಪು, ಭತ್ತದ ಗದ್ದೆ. ಅಲ್ಲಿಯ ಜನಕ್ಕೆ ವಸಂತ ಅಂದ್ರೆ ಆಪೂಸ್ ಮಾವಿನ ಹೂವು, ಆಲಿಕಲ್ಲು ಮಳೆಯ ಭಯ. ನಮಗೆ ಆ ಭಾಗ್ಯ ಇಲ್ಲ. ನಮ್ಮಲ್ಲಿ ಎರಡು ನಮೂನೆ ಭೂಮಿ. ಕಪ್ಪತಗುಡ್ಡದ ಬುಡದಲ್ಲಿ ಕೆಂಪು ಮಸಾರಿ, ಉಳಿದ ಕಡೆ ಕರಿ ಎರೆ. ನಮ್ಮ ಮನೆಯದು ಹೆಚ್ಚು ಎರೆ. ಮುಂಗಾರಿನಲ್ಲಿ ಹೆಸರು, ಅದು ತೆಗೆದ ಮೇಲೆ ಅದೇ ಹೊಲಕ್ಕೆ ಹಿಂಗಾರಿ ಕಡಲೆ, ಬಿಳಿಜೋಳ, ಅಂಚಿಗೆ ಒಂದಿಷ್ಟು ಕುಸುಬೆ. ಬಿತ್ತೋದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಆಮೇಲೆ ಮಳೆ ಬರದಿದ್ದರೂ ಎರೆಯೊಳಗಿನ ಹಸಿಯಲ್ಲೇ ಬೆಳೆ ನಿಲ್ಲುತ್ತೆ, ಚಳಿ ಬಿದ್ದರೆ ಇನ್ನೂ ಚೆನ್ನಾಗಿ. ಹೊಳೆ ನೀರು ಬಂದ ಕಡೆ ಕಬ್ಬು ಇದೆ, ಅವರ ಕಥೆನೇ ಬೇರೆ. ನಾನು ಹೇಳ್ತಿರೋದು ಮಳೆ ನಂಬಿದವರ ಕಥೆ.

ಹಾಗಾಗಿ ಜನವರಿ ಕೊನೆಯಿಂದ ಸುಗ್ಗಿ ಶುರು. ಮೊದಲು ಕಡಲೆ. ಕಡಲೆ ಕೀಳೋಕೆ ಹೊತ್ತು ಹುಟ್ಟೋಕೆ ಮುಂಚೆನೇ ಹೊಲದಲ್ಲಿರಬೇಕು. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ಮಣ್ಣಿಗೆ ಬೀಳುತ್ತೆ. ಇಬ್ಬನಿಗೆ ಗಿಡ ಮೆತ್ತಗಿದ್ದಾಗಲೇ ಕಿತ್ತು ಗುಪ್ಪೆ ಹಾಕಬೇಕು. ಕಡಲೆ ಗಿಡದ ಮೇಲೆ ಹುಳಿ ಇರುತ್ತೆ ಗೊತ್ತಾ? ಸಣ್ಣ ಸಣ್ಣ ಕೂದಲಿನಂಥ ನವಿರಿನ ತುದಿಯಲ್ಲಿ ಹನಿ ಹನಿಯಾಗಿ. ಹೊಸಬರು ಬರಿಗೈಯಲ್ಲಿ ಕಿತ್ತರೆ ಮಧ್ಯಾಹ್ನದ ಹೊತ್ತಿಗೆ ಬೆರಳ ಸಂದಿ ಉರಿಯೋಕೆ ಶುರು. ಗಿಡ ಇನ್ನೂ ಹಸಿರಿದ್ದಾಗ ನಮ್ಮ ಅವ್ವ ನಸುಕಿನಲ್ಲಿ ಬಿಳಿ ಧೋತರದ ತುಂಡು ತಗೊಂಡು ಹೋಗಿ ಬೆಳೆ ಮೇಲೆ ಎಳೆದುಕೊಂಡು ಬರೋಳು. ಅದನ್ನ ಹಿಂಡಿದರೆ ಕಡಲೆ ಹುಳಿ. ಸೀಸೆಯಲ್ಲಿ ತುಂಬಿಡೋದು. ಹೊಟ್ಟೆ ನೋವು ಅಂದ್ರೆ ಒಂದು ಚಮಚ ನೀರಿಗೆ ಹಾಕಿ ಕೊಡೋದು. ಔಷಧಿ ಹೌದೋ ಅಲ್ಲವೋ, ಆ ಹುಳಿ ನಾಲಿಗೆಗೆ ತಾಗಿದರೆ ಎಂಥ ನೋವೂ ಒಂದು ಗಳಿಗೆ ಮರೆತು ಹೋಗುತ್ತೆ.

ಕುಸುಬೆ ಇನ್ನೂ ಕಷ್ಟ. ಗಿಡದ ತುಂಬ ಮುಳ್ಳು. ಅದೂ ನಸುಕಿನ ಕೆಲಸವೇ, ತಂಪಿಗೆ ಮುಳ್ಳು ಸ್ವಲ್ಪ ಮೆತ್ತಗಿರುತ್ತೆ. ಕಾಲಿಗೆ ಗೋಣಿ ಕಟ್ಟಿಕೊಂಡು ಕೊಯ್ಯೋರು. ಈಗ ಕೊಯ್ಯೋರು ಸಿಗಲ್ಲ, ಬೆಳೆಯೋರೂ ಕಡಿಮೆ. ಕುಸುಬೆ ಎಣ್ಣೆ ಒಗ್ಗರಣೆ ತಿಂದು ಬೆಳೆದವರಿಗೆ ಅಂಗಡಿ ಎಣ್ಣೆ ಸಪ್ಪೆ ಅನ್ನಿಸುತ್ತೆ. ಅದಕ್ಕೇ ನಾವು ಇನ್ನೂ ನಾಲ್ಕು ಸಾಲು ಬಿತ್ತುತ್ತೀವಿ.

ಜೋಳ ಮಾತ್ರ ಮನೆಮಂದಿಯೆಲ್ಲ ಕೂಡಿ ಮಾಡೋ ಕೆಲಸ. ಕೆಲವರು ಬುಡಕ್ಕೆ ಕೊಯ್ಯುತ್ತಾರೆ, ಕೆಲವರು ಬೇರು ಸಮೇತ ಕೀಳುತ್ತಾರೆ. ಒಣಗಿದ ಮೇಲೆ ಹೆಣ್ಣುಮಕ್ಕಳು ಸಾಲಾಗಿ ಕೂತು ತೆನೆ ಮುರೀತಾರೆ. ಅಲ್ಲಿ ನಡೆಯೋ ಮಾತಿಗೆ ಲೆಕ್ಕವಿಲ್ಲ. ಯಾರ ಮನೆಯಲ್ಲಿ ಹೆಣ್ಣು ನೋಡೋಕೆ ಬಂದಿದ್ದರು, ಯಾರ ಬೀಗರು ಮುನಿಸಿಕೊಂಡಿದ್ದಾರೆ, ಎಲ್ಲ ಅಲ್ಲೇ ಗೊತ್ತಾಗೋದು. ಆ ಧೂಳು ಮೈಗೆ ಬಿದ್ದರೆ ಕಡಿತ ಅಂದ್ರೆ ಕಡಿತ. ಸಂಜೆ ಬಿಸಿನೀರು ಹುಯ್ಕೊಂಡರೂ ಕುತ್ತಿಗೆ ಕೆರೆಯೋದು ನಿಲ್ಲಲ್ಲ.

ಹಿಂದೆ ಇದಕ್ಕೆ ಕಣ ಮಾಡುತ್ತಿದ್ದರು. ನೆಲ ಸಮ ಮಾಡಿ, ನೀರು ಹೊಡೆದು, ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಡೋದು. ಅದರ ಸುತ್ತ ಎತ್ತು ತಿರುಗಬೇಕು. ರಾತ್ರಿ ಹಂತಿ ಹಾಡು. ಹಾಡು ಹೇಳೋರು ನಿದ್ದೆ ಹೋದರೆ ಎತ್ತೂ ನಿಲ್ಲುತ್ತಿದ್ದವಂತೆ! ಈಗ ರಾಶಿ ಮಷೀನ್ ಬರುತ್ತೆ. ಟ್ರ್ಯಾಕ್ಟರ್‌ಗೆ ಹೂಡಿ ನಿಲ್ಲಿಸಿದರೆ ಒಂದು ಕಡೆಯಿಂದ ಕಾಳು, ಇನ್ನೊಂದು ಕಡೆಯಿಂದ ಹೊಟ್ಟು. ಮುಗೀತು. ಇದರಿಂದ ಏನೋ ಕಳ್ಕೊಂಡ್ವಿ ಅಂತ ಪೇಟೆಯವರು ಬರೆಯೋದನ್ನ ಓದಿದ್ದೀನಿ. ರಾತ್ರಿಯಿಡೀ ಎತ್ತಿನ ಹಿಂದೆ ತಿರುಗಿದವರನ್ನ ಕೇಳಿ ನೋಡಿ, ಮಷೀನ್‌ಗೆ ಕೈ ಮುಗೀತಾರೆ.

ಆದರೆ ಅಳೆಯೋವಾಗ ಹಳೆ ಪದ್ಧತಿನೇ. ಮೊದಲು ರಾಶಿಗೆ ಪೂಜೆ, ತೆಂಗಿನಕಾಯಿ. ಅಪ್ಪ ಚಪ್ಪಲಿ ಬಿಟ್ಟು ಬಂದು ಬುಟ್ಟಿ ಹಿಡೀತಾರೆ. ಮೊದಲನೇ ಬುಟ್ಟಿಗೆ ಒಂದು ಅನ್ನಲ್ಲ, "ಲಾಭ" ಅಂತಾರೆ. ಆಮೇಲೆ ಎರಡು, ಮೂರು. ನಡುವೆ ಯಾರೂ ಮಾತಾಡೋ ಹಾಗಿಲ್ಲ. ಒಂದು ಸಲ ನಮ್ಮ ತಮ್ಮನ ಫೋನು ರಿಂಗಾಯ್ತು. ಅಪ್ಪ ಬುಟ್ಟಿ ಕೆಳಗಿಟ್ಟು, "ಮಾತಾಡಿ ಮುಗಸಪ್ಪಾ, ನಾವು ನಿಂತಿರತೀವಿ" ಅಂದರು. ಅವನು ಫೋನನ್ನ ಬಣವಿಯೊಳಗೇ ತುರುಕಿಬಿಟ್ಟ.

ನಿಮಗೆ ಇನ್ನೊಂದು ಹೇಳಬೇಕು. ನಾವು ಜೋಳ ಬಿತ್ತೋದು ಕಾಳಿಗಷ್ಟೇ ಅಲ್ಲ, ಕಣಕಿಗೂ. ಬೇಸಿಗೆಯಲ್ಲಿ ಎತ್ತು, ಎಮ್ಮೆ ತಿನ್ನೋದು ಅದನ್ನೇ. ಬಣವಿ ಒಟ್ಟೋದು ಎಲ್ಲರಿಗೂ ಬರಲ್ಲ. ಮೇಲಿಂದ ಮಳೆ ಬಿದ್ದರೆ ನೀರು ಒಳಗೆ ಇಳಿಯದೆ ಜಾರಿ ಹೋಗಬೇಕು. ನಮ್ಮೂರಲ್ಲಿ ಗಂಡು ನೋಡೋಕೆ ಬಂದವರು ಹಿತ್ತಲ ಬಣವಿ ಎಷ್ಟು ದೊಡ್ಡದಿದೆ ಅಂತ ಓರೆಗಣ್ಣಲ್ಲಿ ನೋಡಿಯೇ ಹೋಗೋದು.

ಫೆಬ್ರುವರಿ ಹೊತ್ತಿಗೆ ದಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆ. ಅಲ್ಲಿ ರೊಟ್ಟಿ ಜಾತ್ರೆ ಅಂತಲೇ ಒಂದು ದಿನ. ಸುತ್ತಲಿನ ಊರಿನ ಮನೆಗಳಿಂದ ಖಡಕ್ ರೊಟ್ಟಿ ಹೋಗುತ್ತೆ. ರೊಟ್ಟಿ, ಭಜ್ಜಿ, ಅಗಸೆ ಹಾಕಿದ ಕರಿಂಡಿ. ಜಾತಿ ಕೇಳದೆ ಎಲ್ಲರೂ ಒಂದೇ ಸಾಲಲ್ಲಿ ಕೂತು ಉಣ್ಣೋದು. ನೀವು ಊಟಕ್ಕೆ ಬರೋದಾದರೆ ಅದೇ ಹೊತ್ತಿಗೆ ಬನ್ನಿ, ಹೋಟೆಲ್‌ನ ಉತ್ತರ ಕರ್ನಾಟಕ ಊಟ ಮರೆತುಬಿಡ್ತೀರಿ.

ಮನೆಯೊಳಗಿನ ಕೆಲಸ ಮಾರ್ಚ್‌ನಲ್ಲಿ. ಮಾಳಿಗೆ ಮೇಲೆ ಬ್ಯಾಡಗಿ ಮೆಣಸಿನಕಾಯಿ ಒಣಗಿರುತ್ತೆ, ತೊಟ್ಟು ಬಿಡಿಸಬೇಕು. ವರ್ಷದ ಖಾರ ಕುಟ್ಟಿಸೋದು ಈಗಲೇ. ಬಣ್ಣ ಕೆಂಪು, ಖಾರ ಕಮ್ಮಿ, ಅದೇ ಅದರ ಹೆಚ್ಚುಗಾರಿಕೆ. ಮಾರೋರು ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಗೇ ಒಯ್ಯುತ್ತಾರೆ. ಹುಣಸೆ ಬಡಿದು ಬೀಜ ತೆಗೆದು ಉಪ್ಪು ಹಾಕಿ ಗಡಿಗೆಗೆ ತುಂಬೋದು, ಶ್ಯಾವಿಗೆ, ಹಪ್ಪಳ, ಸಂಡಿಗೆ. ಇದೆಲ್ಲ ಬಿಸಿಲಿನ ಕೆಲಸ, ಹಾಗಾಗಿ ನಾವು ಬಿಸಿಲನ್ನ ಬೈಯೋದು ಕಮ್ಮಿ.

ಹೋಳಿ ಬಗ್ಗೆ ಜಾಸ್ತಿ ಹೇಳಲ್ಲ, ನೀವೂ ನೋಡಿರ್ತೀರಿ. ಹುಡುಗರು ಹಲಗೆ ಬಾರಿಸಿಕೊಂಡು ಕುಳ್ಳು (ಬೆರಣಿ), ಕಟ್ಟಿಗೆ ಕದಿಯುತ್ತಾರೆ, ನಾವು ಕದ್ದವರನ್ನ ಗುರುತು ಹಿಡಿದೂ ಸುಮ್ನಿರ್ತೀವಿ. ಹುಬ್ಬಳ್ಳಿಯಲ್ಲಿ ಬಣ್ಣ ಆಡೋದು ರಂಗಪಂಚಮಿಗೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ಹೋಗೋರೂ ನಮ್ಮೂರಲ್ಲಿದ್ದಾರೆ.

ಇದೇ ಹೊತ್ತಿಗೆ ಹಕ್ಕಿಗಳು ಹೊರಡುತ್ತವೆ. ನಮ್ಮ ಸೋದರಮಾವನ ಹೊಲ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಕಡೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಆ ಕೆರೆಗೆ ಬರುತ್ತವೆ. 2024ರಲ್ಲಿ ಅದು ರಾಮ್ಸರ್ ತಾಣವೂ ಆಯ್ತು, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣ. ಹಗಲು ಕೆರೆಯಲ್ಲಿ ತೇಲೋದು, ಹೊತ್ತಲ್ಲದ ಹೊತ್ತಲ್ಲಿ ಸುತ್ತಲಿನ ಹೊಲದ ಕಡಲೆ, ಶೇಂಗಾ ಮೇಯೋದು. ಫೋಟೋ ತೆಗೆಯೋಕೆ ಬಂದವರು "ಎಷ್ಟು ಚೆಂದ" ಅಂತಾರೆ. ಮಾವ "ಚೆಂದ ಏನೋ ಖರೆ, ಉಣ್ಣೋದು ನಂದು" ಅಂತಾರೆ. ಆದರೂ ಅವು ಬರೋದು ತಡವಾದ ವರ್ಷ ಮೊದಲು ವಿಚಾರಿಸೋದು ಅವರೇ.

ಯುಗಾದಿ ನಮಗೆ ಲೆಕ್ಕದ ದಿನ. ಹೊಲ ಲಾವಣಿ (ಗೇಣಿ) ಹಾಕೋದು, ಬಿಡಿಸೋದು, ವರ್ಷದ ಆಳಿನ ಮಾತುಕತೆ, ಕೈಗಡ ತೀರಿಸೋದು, ಎಲ್ಲ ಪಾಡ್ಯದಿಂದ ಪಾಡ್ಯಕ್ಕೆ. ನಿಮ್ಮ ಕಡೆ ಬೇವು-ಬೆಲ್ಲ ತಿಂತೀರಿ, ನಮ್ಮಲ್ಲಿ ಬೇವು ಕುಡೀತೀವಿ. ಬೇವಿನ ಹೂವು, ಬೆಲ್ಲ, ಹುಣಸೆ ಹುಳಿ, ಪುಟಾಣಿ (ಹುರಿಗಡಲೆ) ಹಿಟ್ಟು, ಕೊಬ್ಬರಿ, ಗಸಗಸೆ, ದ್ರಾಕ್ಷಿ ಹಾಕಿ ಪಾನಕದ ಹಾಗೆ. ಎರಡು ಲೋಟ ಕುಡಿದವರೂ ಕಹಿ ಅನ್ನಲ್ಲ.

ಆ ಲೆಕ್ಕದೊಳಗೇ ನಮ್ಮ ಸಂಕಟವೂ ಇದೆ. ಕಡಲೆ ಜನವರಿ ಕೊನೆಗೇ ಮನೆಗೆ ಬರುತ್ತೆ. 2024-25ರ ಹಿಂಗಾರಿಗೆ ಕೇಂದ್ರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 5,650 ರೂಪಾಯಿ. ಬೆಲೆ ಕಾಗದದ ಮೇಲಿರುತ್ತೆ, ಖರೀದಿ ಕೇಂದ್ರ ತೆರೆಯೋದು ತಡ. ಬೀಜ, ಗೊಬ್ಬರ ಸಾಲ ಕೊಟ್ಟವರು ಅಷ್ಟು ದಿನ ಕಾಯಲ್ಲ. ಚೀಲ ಇಟ್ಟುಕೊಳ್ಳೋ ತಾಕತ್ತಿದ್ದವರು ತಡೆದು ಮಾರ್ತಾರೆ, ಇಲ್ಲದವರು ಅಡತಿ (ದಲಾಲಿ) ಅಂಗಡಿಯಲ್ಲಿ ಸಿಕ್ಕ ರೇಟಿಗೆ ಕೊಟ್ಟು ಬರ್ತಾರೆ. ನಾವು ಕೆಲವು ವರ್ಷ ಆ ಸಾಲಿನಲ್ಲಿದ್ವಿ, ಕೆಲವು ವರ್ಷ ಈ ಸಾಲಿನಲ್ಲಿ. ಜೋಳ ಮಾತ್ರ ಮನೆಗೆ ಆಗುವಷ್ಟು ಇಟ್ಟುಕೊಂಡೇ ಮಾರೋದು, ಅದರಲ್ಲಿ ಮಾತಿಲ್ಲ.

ಯುಗಾದಿ ಮುಗಿದ ಮೇಲೆ ಖಾಲಿ ಹೊಲಕ್ಕೆ ಕುರಿ ಬರುತ್ತವೆ. ಕುರಿಗಾರರು ಹಿಂಡು ಹೊಡೆದುಕೊಂಡು ಊರೂರು ತಿರುಗ್ತಾರೆ. ರಾತ್ರಿ ಒಬ್ಬೊಬ್ಬರ ಹೊಲದಲ್ಲಿ ಕುರಿ ಕೂಡಿಸಿದರೆ ಹಿಕ್ಕೆ, ಗಂಜಳ ನೆಲಕ್ಕೆ ಬೀಳುತ್ತೆ. ಅದಕ್ಕಿಂತ ಒಳ್ಳೆ ಗೊಬ್ಬರ ನಾನು ನೋಡಿಲ್ಲ. ನಮ್ಮಲ್ಲಿಗೆ ಬರೋ ಅಜ್ಜ ಕೊಪ್ಪಳದ ಕಡೆಯವರು. ಪ್ರತಿ ಸಲ ಇದೇ ಚೌಕಾಸಿ.

"ಅಣ್ಣಾರ, ಈ ಸಲ ರೊಕ್ಕ ಬ್ಯಾಡ್ರಿ, ಜ್ವಾಳ ಕೊಡ್ರಿ."

"ರೊಕ್ಕ ತಗೊಂಡು ಅಂಗಡ್ಯಾಗ ತರಬೇಕಪ್ಪಾ ಅಜ್ಜಾ."

"ಅಂಗಡ್ಯಾಗಿನ ಜ್ವಾಳ ರೊಟ್ಟಿಗೆ ಜಿಗಿ ಬರಂಗಿಲ್ರಿ. ನಿಮ್ಮ ಎರಿ ಜ್ವಾಳನ ಬೇಕು."

ಹೊಗಳಿದ ಮೇಲೆ ಅಪ್ಪ ಎರಡು ಸೇರು ಜಾಸ್ತಿ ಕೊಡ್ತಾರೆ. ಅದು ಅಜ್ಜನಿಗೂ ಗೊತ್ತು.

ಕುರಿ ಎದ್ದ ಮೇಲೆ ರಂಟೆ (ನೇಗಿಲು) ಹೊಡೆಯೋದು, ಕರಿಕೆ ಹುಲ್ಲು ಆರಿಸಿ ತೆಗೆಯೋದು. ಏಪ್ರಿಲ್ ನಡುವೆ ಅಶ್ವಿನಿ ಮಳೆ ನಕ್ಷತ್ರ ಶುರು, ಕೊನೆಗೆ ಭರಣಿ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತ ಗಾದೆ ಇದೆ. ಒಂದು ಹದ ಮಳೆ ಬಿದ್ದರೆ ಬಿರುಕು ಮುಚ್ಚುತ್ತೆ, ಹೆಂಟೆ ಒಡೆಯುತ್ತೆ, ಹರಗೋಕೆ ಸಲೀಸು. ಬೀಳದಿದ್ದರೆ ಟ್ರ್ಯಾಕ್ಟರ್ ಬಾಡಿಗೆ ಜಾಸ್ತಿ ಆಗುತ್ತೆ, ಅಷ್ಟೇ ವ್ಯತ್ಯಾಸ. ಬಿತ್ತನೆ ಹೇಗೂ ಜೂನ್‌ಗೆ.

ನೀವು ಬರೋದಾದರೆ ಫೆಬ್ರುವರಿ ಎರಡನೇ ವಾರದಿಂದ ಯುಗಾದಿ ಒಳಗೆ ಬನ್ನಿ. ಗದಗದಿಂದ ಮುಂಡರಗಿಗೆ 40 ಕಿಲೋಮೀಟರ್ ಹತ್ತಿರ, ದಾರಿಯಲ್ಲಿ ಕಪ್ಪತಗುಡ್ಡದ ಸಾಲು, ಅದರ ಮೇಲೆ ಗಾಳಿ ಫ್ಯಾನುಗಳು ಕಾಣುತ್ತವೆ. ಮುತ್ತುಗ ಹೂ ಬಿಟ್ಟಿರುತ್ತೆ, ನಿಮಗೆ ಬೇಕಾದ ವಸಂತ ಅಲ್ಲಿ ಸಿಗಬಹುದು. ಮನೆಗೆ ಬಂದರೆ ತೆನೆ ಮುರಿಯೋಕೆ ಕೂರಿಸ್ತೀವಿ, ತುಂಬುತೋಳಿನ ಹಳೆ ಅಂಗಿ ತನ್ನಿ. ಮಲಗೋಕೆ ಮಾಳಿಗೆ ಮೇಲೆ ಜಾಗ ಇದೆ, ಮೆಣಸಿನಕಾಯಿ ಒಂದು ಕಡೆ ಸರಿಸಿದರೆ ಆಯ್ತು.